ತಂತ್ರಾಂಶ ಪರೀಕ್ಷೆಯೂ ಅದರ ಪಕ್ವತೆಯೂ

ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನು ತಿಳಿಯುವುದಕ್ಕೆ ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕೆಂದು ನಮ್ಮ ಹಿರಿಯರು ಹೇಳುವರು. ಅಡಿಗೆಯ ಮನೆಯಲ್ಲಿ ಈ ಮಾತು ನೂರಕ್ಕೆ ನೂರು ಸತ್ಯ. ಪಾತ್ರೆಯಲ್ಲಿರುವ ಅಗುಳುಗಳೆಲ್ಲವೂ ಒಂದೇ ಗದ್ದೆಯ ಬತ್ತದಿಂದ ಬಂದವು. ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ, ಒಂದೇ ಹೊತ್ತು ಬೆಂದವು. ಆದುದರಿಂದ ಒಂದರ ಗತಿಯೇ ಉಳಿದವುಗಳ ಗತಿ. ಆದರೆ ಈ ಕಾಲದಲ್ಲಿ ನಮ್ಮ ಹಲವು ವ್ಯವಹಾರಗಳನ್ನು ನಡೆಸುತ್ತಿರುವ ಒಂದು ವಸ್ತುವುಂಟು. ಅದರಲ್ಲಿ ಒಂದು ಅಗುಳು ಹದವಾಗಿ ಬೆಂದಿದ್ದರೂ ಅದರ ಪಕ್ಕದ ಅಗುಳು ಹಸಿಯ ಅಕ್ಕಿಯಾಗಿಯೇ ಉಳಿದಿರಬಹುದು. ಆ ವಸ್ತುವೇ ಗಣಕಯಂತ್ರದ ಸಾಫ್ಟ್‌ವೇರ್, ಎಂದರೆ ತಂತ್ರಾಂಶ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಿಂದ ವಿದ್ಯಾಭ್ಯಾಸವನ್ನು ಮುಗಿಸಿ ಹೊರಟ ಹೆಣ್ಣು ಮಕ್ಕಳಲ್ಲಿ ಕೆಲವರು ಇಂದು ಮೈಸೂರು ಬೆಂಗಳೂರುಗಳ ತಂತ್ರಾಂಶ ಸಂಸ್ಥೆಗಳಲ್ಲಿ ಉದ್ಯೋಗದಲ್ಲಿರುವರು. ಮಗಳು ಏನು ಕೆಲಸ ಮಾಡುತ್ತಾಳೆಂದು ನೆರೆಯವರು ಕೇಳಿದರೆ, “ಕಂಪ್ಯೂಟರಿನಲ್ಲಿ ಏನೋ ಟೆಸ್ಟಿಂಗ್ ಅಂತೆ” ಎಂದು ತಾಯಿತಂದೆಗಳು ಉತ್ತರ ಕೊಡುವುದುಂಟು. ಆ ಟೆಸ್ಟಿಂಗ್ ಎಂದರೇನು, ಒಂದು ಸಂಸ್ಥೆಯಲ್ಲಿ ಅದು ಎಳಸಾಗಿರುವುದು ಯಾವಾಗ, ಪಕ್ವವಾಗುವುದು ಹೇಗೆ ಎಂಬುದನ್ನು ಪ್ರಕೃತ ಲೇಖನದಲ್ಲಿ ಕ್ರಮವಾಗಿ ವಿಚಾರಮಾಡೋಣ.

1. ಪರೀಕ್ಷೆ ಎಂದರೇನು?

ಗಣಕಯಂತ್ರಕ್ಕೆ ಸ್ವಂತ ವಿವೇಚನೆ ಇಲ್ಲ. ಮನುಷ್ಯನು ಬರೆದುಕೊಟ್ಟ ಆಜ್ಞೆಗಳನ್ನು ಬರೆದ ಹಾಗೆಯೇ ನಡೆಸುವುದಷ್ಟೇ ಅದರ ಕೆಲಸ. ಆ ಆಜ್ಞೆಗಳ ಸರಣಿಯೇ ತಂತ್ರಾಂಶ. ಬರೆದವನು ತಪ್ಪಿದರೆ ಯಂತ್ರವೂ ತಪ್ಪುವುದು. ಅಷ್ಟೇ ಅಲ್ಲ, ಅದೇ ತಪ್ಪನ್ನು ಸ್ವಲ್ಪವೂ ಅಳುಕದೆ ಲಕ್ಷ ಸಲ ಮಾಡುವುದು. ಇಂಥ ತಪ್ಪಿಗೆ ಆ ವೃತ್ತಿಯವರು ‘ಬಗ್’ ಎನ್ನುವರು, ಎಂದರೆ ಹುಳು. ಯಂತ್ರಗಳ ದೋಷಕ್ಕೆ ಈ ಹೆಸರು ಬಹಳ ಹಿಂದಿನಿಂದಲೂ ಇದ್ದಿತು. 1947ನೆಯ ಇಸವಿ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ‘ಮಾರ್ಕ್ 2’ ಎಂಬ ಗಣಕಯಂತ್ರದೊಳಗೆ ನಿಜವಾದ ಒಂದು ಪತಂಗವೇ ಸಿಕ್ಕಿಕೊಂಡಿದ್ದುದನ್ನು ಅಲ್ಲಿಯವರು ಕಂಡು, ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿದರು. ಆ ಕೆಲಸಗಾರರ ಗುಂಪಿನಲ್ಲಿದ್ದ ಗ್ರೇಸ್ ಹಾಪರ್ ಎಂಬ ಗಣಿತವಿದುಷಿಯು ಈ ಕಥೆಯನ್ನು ಲೋಕಕ್ಕೆಲ್ಲ ಹೇಳಿ ಪ್ರಸಿದ್ಧಿಗೊಳಿಸಿದಳು.

ತಂತ್ರಾಂಶವು ಜನರ ಕೈಸೇರುವುದಕ್ಕೆ ಮುಂಚೆ ಇಂಥ ಹುಳುಗಳನ್ನು ಹುಡುಕಿ ತೆಗೆಯುವುದೇ ಪರೀಕ್ಷೆಯ ಉದ್ದೇಶ. ಪರೀಕ್ಷೆಯಿಂದ ದೋಷವು ಇದೆಯೆಂದು ತೋರಿಸಬಹುದು. ಇನ್ನೊಂದೂ ಇಲ್ಲವೆಂದು ಆಣೆಯಿಟ್ಟು ಹೇಳಲಾಗದು. ಆದುದರಿಂದ ಯಾವುದನ್ನು ಪರೀಕ್ಷಿಸಬೇಕೆಂದು ಆರಿಸುವ ಜಾಣತನವೇ ಈ ವಿದ್ಯೆಯ ಜೀವಾಳ.

2. ಪಹಣಿಯ ನಿದರ್ಶನ

ನಮ್ಮ ಸೀಮೆಯಲ್ಲಿ ಪಹಣಿಯನ್ನು ಅರಿಯದ ಒಕ್ಕಲು ಮನೆ ಇರಲಾರದು. ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರನ ಹೆಸರು, ಬೆಳೆ, ಜಮೀನಿನ ಮೇಲಿನ ಸಾಲ ಇವೆಲ್ಲವೂ ಅದರಲ್ಲಿ ದಾಖಲಾಗಿರುವುವು. ಸಹಕಾರ ಸಂಘದಲ್ಲಿ ಸಾಲ ಪಡೆಯುವುದಕ್ಕೂ, ಜಮೀನನ್ನು ಮಾರುವುದಕ್ಕೂ, ಬೆಳೆ ಹೋದಾಗ ಪರಿಹಾರವನ್ನು ಕೇಳುವುದಕ್ಕೂ ಪಹಣಿಯೇ ಆಧಾರ. ಹಿಂದೆ ಶಾನುಭೋಗರೂ ಅನಂತರ ಗ್ರಾಮಲೆಕ್ಕಿಗರೂ ಇದನ್ನು ಕೈಬರಹದಲ್ಲಿ ಬರೆದಿಡುತ್ತಿದ್ದರು.

ಈ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಪ್ರಯತ್ನವು ಕರ್ಣಾಟಕದಲ್ಲಿ 1991ರಲ್ಲಿಯೇ ಪ್ರಾಯೋಗಿಕವಾಗಿ ಮೊದಲಾಗಿ, 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೆ ಅದು ಫಲಕಾರಿಯಾಗಲಿಲ್ಲ. ಜಮೀನು ಕೈಬದಲಾದ ಸಂಗತಿಗಳು ನಿತ್ಯವೂ ದಾಖಲಾಗುತ್ತಿದ್ದುದು ತಾಲ್ಲೂಕಿನಲ್ಲಿ. ಗಣಕಯಂತ್ರವನ್ನು ಅಲ್ಲಿ ಸ್ಥಾಪಿಸುವ ಏರ್ಪಾಡೇ ಆ ಯೋಜನೆಯಲ್ಲಿರಲಿಲ್ಲ. ಹೀಗಾಗಿ ಯಂತ್ರದೊಳಗಿನ ಲೆಕ್ಕವು ಸೇರಿಸಿದಂದಿನಿಂದಲೇ ಹಳತಾಗುತ್ತ ಬಂದಿತು. ಯಂತ್ರವು ಕೆಟ್ಟಿರಲಿಲ್ಲ, ಕೂಡುವ ಕಳೆಯುವ ಲೆಕ್ಕವೂ ತಪ್ಪಿರಲಿಲ್ಲ. ಕೆಲಸ ನಡೆಯುವ ಸ್ಥಳವನ್ನೇ ಯೋಜನೆಯು ಮರೆತಿದ್ದಿತು.

ತರುವಾಯ ಬಂದ ‘ಭೂಮಿ’ ಎಂಬ ಯೋಜನೆಯು ಈ ಅನುಭವದಿಂದ ಪಾಠ ಕಲಿಯಿತು. ಕಂದಾಯ ಇಲಾಖೆಯವರು ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯ ನೆರವಿನಿಂದ ಅದನ್ನು ನಡೆಸಿದರು. ರಾಜ್ಯದಲ್ಲಿ ಎಲ್ಲ ಕಡೆಯೂ ಒಂದೇ ದಿನ ಆರಂಭಿಸದೆ, ಮೊದಲು ಕೆಲವೇ ತಾಲ್ಲೂಕುಗಳಲ್ಲಿ ಪ್ರಯೋಗಿಸಿ, ಆಮೇಲೆ ವಿಸ್ತರಿಸಿದರು. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಯಂತ್ರಕ್ಕೆ ಸೇರಿಸಿದ ಮೇಲೆ, ಅವನ್ನು ಅಚ್ಚುಹಾಕಿ ತೆಗೆದು, ಗ್ರಾಮಲೆಕ್ಕಿಗರ ಕೈಗೆ ಕೊಟ್ಟು, ಮೂಲ ಪುಸ್ತಕದೊಡನೆ ತಾಳೆನೋಡಿಸಿದರು. ದಾಖಲೆಯನ್ನು ತಿದ್ದುವ ಅಧಿಕಾರಿಯು ತನ್ನ ಬೆರಳ ಗುರುತನ್ನು ಕೊಟ್ಟೇ ಯಂತ್ರದೊಳಕ್ಕೆ ಪ್ರವೇಶಿಸಬೇಕೆಂಬ ನಿಯಮವನ್ನು ಮಾಡಿದರು. ಹೊಸ ಶತಮಾನದ ಮೊದಲ ಎರಡು ಮೂರು ವರ್ಷಗಳಲ್ಲಿ ಆಗಿನ 177 ತಾಲ್ಲೂಕುಗಳಲ್ಲಿಯೂ 15 ರೂಪಾಯಿಗಳನ್ನು ಕೊಟ್ಟವರಿಗೆ ಗಣಕಯಂತ್ರದ ಪಹಣಿಯು ದೊರೆಯುವಂತಾಯಿತು.

ಇಷ್ಟಾದರೂ ಹೆಸರಿನಲ್ಲಿ, ವಿಸ್ತೀರ್ಣದಲ್ಲಿ ತಪ್ಪುಗಳು ಅಲ್ಲಲ್ಲಿ ಉಳಿದುಕೊಂಡುವು; ಅವನ್ನು ಸರಿಪಡಿಸುವುದಕ್ಕಾಗಿ ಕಂದಾಯ ಅದಾಲತ್ತುಗಳನ್ನು ನಡೆಸಬೇಕಾಯಿತು. 2 ಕೋಟಿ ದಾಖಲೆಗಳಲ್ಲಿ ಒಂದು ತಪ್ಪು ಲೆಕ್ಕಕ್ಕೆ ಬಾರದಷ್ಟು ಚಿಕ್ಕದೆಂದು ಯಾರಾದರೂ ಹೇಳಬಹುದು. ಆದರೆ ಯಾರ ಪಹಣಿಯಲ್ಲಿ ಆ ತಪ್ಪಿದೆಯೋ ಆ ಮನೆಗೆ ಅದು ಚಿಕ್ಕದಲ್ಲ. ‘ಸಿದ್ದಮ್ಮ’ ಎಂಬುದು ‘ಸಣ್ಣಮ್ಮ’ ಎಂದಾದರೆ, ‘ಕೋಂ’ ಎಂಬುದರ ಮುಂದೆ ಗಂಡನ ಹೆಸರು ಬೇರೆಯಾದರೆ, ಆಕೆಯು ಎಷ್ಟು ದಿನದ ಕೂಲಿಯನ್ನು ಬಿಟ್ಟು ಎಷ್ಟು ಸಲ ಬಸ್ಸನ್ನೇರಬೇಕಾಗುವುದೋ ಯಾರು ಬಲ್ಲರು?

3. ಮೂರು ಎಕರೆ ಹತ್ತು ಗುಂಟೆಯ ಲೆಕ್ಕ

ಪರೀಕ್ಷೆಯ ಮರ್ಮವನ್ನು ತಿಳಿಸುವುದಕ್ಕಾಗಿ ಕಲ್ಪಿತವಾದ ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ಇದು ‘ಭೂಮಿ’ ಯೋಜನೆಯಲ್ಲಿ ನಡೆದದ್ದಲ್ಲ, ಪಾಠಕ್ಕಾಗಿ ಹೇಳುತ್ತಿರುವುದು. 40 ಗುಂಟೆಗೆ ಒಂದು ಎಕರೆ ಎಂಬುದು ನಮ್ಮೆಲ್ಲರಿಗೂ ತಿಳಿದ ವಿಷಯ. ಪಟ್ಟಣದಲ್ಲಿಯೇ ಬೆಳೆದ ಒಬ್ಬ ತರುಣನು ಹಿಸ್ಸೆಯ ಲೆಕ್ಕವನ್ನು ಮಾಡುವ ತಂತ್ರಾಂಶವನ್ನು ಬರೆಯುತ್ತ, ಈ ವಿಷಯವನ್ನರಿಯದೆ, 2 ಎಕರೆ 20 ಗುಂಟೆಯನ್ನು 2.20 ಎಂದು ದಶಮಾಂಶವಾಗಿ ಬರೆದುಕೊಂಡನೆನ್ನೋಣ.

ಈಗ ಪರೀಕ್ಷೆ. 2 ಎಕರೆ 20 ಗುಂಟೆಯನ್ನು ಇಬ್ಬರು ಅಣ್ಣತಮ್ಮಂದಿರಿಗೆ ಸಮನಾಗಿ ಹಂಚಿದರೆ ತಂತ್ರಾಂಶವು 1.10 ಎನ್ನುವುದು. ಒಂದು ಎಕರೆ ಹತ್ತು ಗುಂಟೆ ಎಂಬುದು ಸರಿಯಾದ ಉತ್ತರವೇ. ಒಂದು ಅಗುಳು ಬೆಂದಿದೆ! ಇಷ್ಟಕ್ಕೆ ತೃಪ್ತಿಪಟ್ಟು ಪರೀಕ್ಷೆಯನ್ನು ನಿಲ್ಲಿಸಿದರೆ ತಂತ್ರಾಂಶವು ಊರೂರಿಗೆ ಹೋಗುವುದು. ಮುಂದೆ ಯಾರೋ 3 ಎಕರೆ 10 ಗುಂಟೆಯನ್ನು ಇಬ್ಬರಿಗೆ ಹಂಚಲು ಬರುವರು. ತಂತ್ರಾಂಶವು 1.55 ಎನ್ನುವುದು, ಒಂದು ಎಕರೆ ಐವತ್ತೈದು ಗುಂಟೆ! ನಿಜವಾಗಿ 3 ಎಕರೆ 10 ಗುಂಟೆ ಎಂದರೆ 130 ಗುಂಟೆ. ಅದರ ಅರ್ಧವು 65 ಗುಂಟೆ, ಎಂದರೆ 1 ಎಕರೆ 25 ಗುಂಟೆ.

ಬುದ್ಧಿವಂತಳಾದ ಪರೀಕ್ಷಕಿಯು ಮೊದಲೇ ಅಂಚುಗಳ ಕಡೆಗೆ ನೋಡುವಳು. 39 ಗುಂಟೆಗೆ 1 ಗುಂಟೆಯನ್ನು ಕೂಡಿದರೆ ಏನಾಗುವುದು? 40 ಎಂದು ಬರೆದರೆ ಯಂತ್ರವು ಒಪ್ಪುವುದೋ ತಿರಸ್ಕರಿಸುವುದೋ? ಸೊನ್ನೆಯನ್ನು ಬರೆದರೆ? ಅಂಕಿಯ ಜಾಗದಲ್ಲಿ ಅಕ್ಷರವನ್ನು ಬರೆದರೆ? ಹಂಚಿದ ಹಿಸ್ಸೆಗಳನ್ನು ಮತ್ತೆ ಕೂಡಿದರೆ ಮೂಲದ ವಿಸ್ತೀರ್ಣವು ಬರುವುದೋ? ದೋಷಗಳು ಬಯಲಿನ ನಡುವೆ ನಿಲ್ಲುವುದು ಕಡಿಮೆ. ಬದುವಿನಲ್ಲಿಯೇ ಅಡಗಿರುವುದು ಹೆಚ್ಚು.

ಈಗ ಇನ್ನೊಂದು ಪ್ರಶ್ನೆ. ತಂದೆತಾಯಿಗಳು ಗತಿಸಿದ ಆ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರಲ್ಲದೆ ಒಬ್ಬ ತಂಗಿಯೂ ಇದ್ದರೆ? ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯು ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿತು. ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಅನ್ವಯಿಸುವುದು. ಕಾನೂನು ಬದಲಾದಾಗ ತಂತ್ರಾಂಶವನ್ನೂ ಬದಲಾಯಿಸಬೇಕು. ಬದಲಾಯಿಸಿದ ಬಳಿಕ ಹೊಸ ಪರೀಕ್ಷೆಗಳನ್ನಷ್ಟೇ ಅಲ್ಲದೆ ಹಳೆಯ ಪರೀಕ್ಷೆಗಳೆಲ್ಲವನ್ನೂ ಮತ್ತೊಮ್ಮೆ ನಡೆಸಬೇಕು. ಒಂದನ್ನು ತಿದ್ದಲು ಹೋಗಿ ಇನ್ನೊಂದನ್ನು ಕೆಡಿಸುವುದು ಈ ವೃತ್ತಿಯಲ್ಲಿ ಸಾಮಾನ್ಯ. ಆ 130 ಗುಂಟೆಯನ್ನು ಮೂವರಿಗೆ ಹಂಚಿ, ಮಿಕ್ಕ ಭಿನ್ನವನ್ನು ಯಂತ್ರವು ಬಿಟ್ಟುಬಿಟ್ಟರೆ ಒಬ್ಬೊಬ್ಬರಿಗೆ 1 ಎಕರೆ 3 ಗುಂಟೆ ಬರುವುದು. ಮೂರನ್ನೂ ಕೂಡಿರಿ: 3 ಎಕರೆ 9 ಗುಂಟೆ. ಒಂದು ಗುಂಟೆ ಎಲ್ಲಿಗೆ ಹೋಯಿತು? ಒಂದು ಗುಂಟೆ ಎಂದರೆ 33 ಅಡಿ ಉದ್ದ 33 ಅಡಿ ಅಗಲದ ನೆಲ. ಬಡವನು ಮನೆ ಕಟ್ಟಿಕೊಳ್ಳುವಷ್ಟು ಜಾಗ.

ಪರೀಕ್ಷೆಯ ಪಟ್ಟಿಯನ್ನು ಬರೆಯುವವರು ಅಣ್ಣತಮ್ಮಂದಿರ ಉದಾಹರಣೆಗಳನ್ನೇ ಬರೆದು ತಂಗಿಯ ಉದಾಹರಣೆಯನ್ನು ಬರೆಯದೆ ಹೋದರೆ, ತಂಗಿಯ ಹಿಸ್ಸೆಯು ಸರಿಯಾಗಿದೆಯೋ ಇಲ್ಲವೋ ಯಾರಿಗೂ ತಿಳಿಯದು. ಯಾರನ್ನು ನಾವು ನೆನೆಯುವುದಿಲ್ಲವೋ ಅವರ ಪಾಲಿಗೆ ತಂತ್ರಾಂಶವು ಪರೀಕ್ಷಿತವಾಗಿರುವುದಿಲ್ಲ.

4. ಪಕ್ವತೆಯ ಐದು ಮೆಟ್ಟಿಲುಗಳು

ಮೇಲಿನ ಲೆಕ್ಕದಲ್ಲಿ ದೋಷವನ್ನು ಹಿಡಿದದ್ದು ಒಬ್ಬಳ ಜಾಣತನ. ಆಕೆಯು ಕೆಲಸವನ್ನು ಬಿಟ್ಟುಹೋದರೆ, ಇಲ್ಲವೆ ಒಂದು ದಿನ ಅಸ್ವಸ್ಥಳಾದರೆ ಗತಿಯೇನು? ಒಬ್ಬೊಬ್ಬರ ಚಾತುರ್ಯವನ್ನೇ ನಂಬದೆ, ಸಂಸ್ಥೆಯ ಕ್ರಮವೇ ದೋಷವನ್ನು ಹಿಡಿಯುವಂತಾಗಬೇಕು. ಇದಕ್ಕೆ ‘ಪರೀಕ್ಷಾಕ್ರಮದ ಪಕ್ವತೆ’ ಎಂದು ಹೆಸರು.

ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ವಿದ್ವಾಂಸರು ತಂತ್ರಾಂಶ ರಚನೆಯ ಪಕ್ವತೆಯನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿ 1991ರಲ್ಲಿ ಪ್ರಕಟಿಸಿದರು. ಅದಕ್ಕೆ ‘ಸಿ. ಎಂ. ಎಂ.’ ಎಂದು ಹೆಸರು. ನಮ್ಮ ನಾಡಿಗೂ ಅದಕ್ಕೂ ವಿಶೇಷವಾದ ಸಂಬಂಧವುಂಟು. ಬೆಂಗಳೂರಿನ ಮೋಟೊರೋಲಾ ಸಂಸ್ಥೆಯ ತಂತ್ರಾಂಶ ವಿಭಾಗವು 1990ರ ದಶಕದ ಪೂರ್ವಾರ್ಧದಲ್ಲಿಯೇ ಅದರ ಐದನೆಯ ಮೆಟ್ಟಿಲನ್ನು ಏರಿ, ಆ ಮಟ್ಟಕ್ಕೆ ಬಂದ ಜಗತ್ತಿನ ಮೊದಮೊದಲ ಕೆಲಸಗಾರರ ಗುಂಪುಗಳಲ್ಲಿ ಒಂದಾಯಿತು. ಮುಂದೆ ಮೈಸೂರಿನಲ್ಲಿ ದೊಡ್ಡ ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಇನ್ಫೋಸಿಸ್ ಸಂಸ್ಥೆಯು 1999ರಲ್ಲಿ ಅದೇ ಮೆಟ್ಟಿಲನ್ನು ಮುಟ್ಟಿತು.

ಪರೀಕ್ಷೆಗೇ ಪ್ರತ್ಯೇಕವಾದ ಮೆಟ್ಟಿಲುಗಳನ್ನು ಷಿಕಾಗೋ ನಗರದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಐಲೀನ್ ಬರ್ನ್‌ಸ್ಟೈನ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ 1996ರಲ್ಲಿ ರಚಿಸಿದರು. ಅದೇ ವರ್ಷದ ಜೂನ್ 4ರಂದು ಯೂರೋಪಿನವರ ‘ಏರಿಯಾನ್ 5’ ಎಂಬ ಹೊಸ ರಾಕೆಟ್ಟು ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ದಾರಿತಪ್ಪಿ ಸಿಡಿದು ನಾಶವಾಯಿತು. ಹಿಂದಿನ ‘ಏರಿಯಾನ್ 4’ರಲ್ಲಿ ಚೆನ್ನಾಗಿಯೇ ನಡೆದಿದ್ದ ತಂತ್ರಾಂಶದ ಭಾಗವನ್ನು, ಹೊಸ ರಾಕೆಟ್ಟಿನ ಹೆಚ್ಚಿನ ವೇಗಕ್ಕೆ ತಕ್ಕಂತೆ ಪರೀಕ್ಷಿಸದೆ, ಇದರಲ್ಲಿಯೂ ಇಟ್ಟುಬಿಟ್ಟಿದ್ದರು, ಆ ವೇಗದ ಅಂಕಿಯು ಅದಕ್ಕೆಂದು ಇಟ್ಟಿದ್ದ ಜಾಗದಲ್ಲಿ ಹಿಡಿಸಲಿಲ್ಲ. ಹಳೆಯ ಅಳತೆಯ ಕೊಳಗದಲ್ಲಿ ಹೊಸ ರಾಶಿಯನ್ನು ಅಳೆಯಹೋದಂತಾಯಿತು.

ಬರ್ನ್‌ಸ್ಟೈನ್ ಮುಂತಾದವರ ಕ್ರಮವನ್ನು ಬೆಳೆಯಿಸಿ ಈಗ ರೂಢಿಯಲ್ಲಿರುವ ‘ಟಿ. ಎಂ. ಎಂ. ಐ.’ ಎಂಬ ಮಾದರಿಯ ಐದು ಮೆಟ್ಟಿಲುಗಳು ಹೀಗಿವೆ:

ಮೊದಲನೆಯದು, ಆರಂಭದ ಸ್ಥಿತಿ. ಇಲ್ಲಿ ಕ್ರಮವೆಂಬುದಿಲ್ಲ. ತಂತ್ರಾಂಶವು ಸಿದ್ಧವಾದ ಮೇಲೆ ಸಮಯವು ಮಿಕ್ಕಿದ್ದರೆ ಪರೀಕ್ಷೆ, ಇಲ್ಲದಿದ್ದರೆ ಇಲ್ಲ.

ಎರಡನೆಯದು, ನಿರ್ವಹಿತ ಸ್ಥಿತಿ. ಏನನ್ನು, ಯಾವಾಗ, ಯಾರು, ಯಾವ ಯಂತ್ರದ ಮೇಲೆ ಪರೀಕ್ಷಿಸಬೇಕೆಂಬುದನ್ನು ಮೊದಲೇ ಬರೆದಿಡುವರು. ಬರೆದಂತೆ ನಡೆಯಿತೇ ಎಂದು ನೋಡುವರು.

ಮೂರನೆಯದು, ನಿರೂಪಿತ ಸ್ಥಿತಿ. ಒಂದೊಂದು ಕೆಲಸಕ್ಕೆ ಒಂದೊಂದು ಪದ್ಧತಿಯಿರದೆ ಇಡೀ ಸಂಸ್ಥೆಗೆ ಒಂದೇ ಪದ್ಧತಿ ಇರುವುದು. ಪರೀಕ್ಷಕರಿಗೆ ತರಬೇತಿಯುಂಟು. ಆಜ್ಞೆಗಳನ್ನು ಬರೆಯುವುದಕ್ಕೆ ಮೊದಲೇ ಪರೀಕ್ಷಕಿಯು ಯೋಜನೆಯ ಕಾಗದವನ್ನು ಓದಿ, “ನಲವತ್ತು ಗುಂಟೆಗೆ ಒಂದು ಎಕರೆಯೆಂದು ಇದರಲ್ಲಿ ಎಲ್ಲಿಯೂ ಹೇಳಿಲ್ಲವಲ್ಲ!” ಎಂದು ಕೇಳುವಳು. ಆಗ ಆ ದೋಷವು ಹುಟ್ಟುವುದೇ ಇಲ್ಲ.

ನಾಲ್ಕನೆಯದು, ಅಳತೆಯ ಸ್ಥಿತಿ. ಎಷ್ಟು ದೋಷಗಳು ಸಿಕ್ಕವು, ಯಾವ ಹಂತದಲ್ಲಿ ಸಿಕ್ಕವು, ಜನರ ಕೈಸೇರಿದ ಮೇಲೆ ಎಷ್ಟು ಹೊರಬಿದ್ದವು ಎಂಬುದನ್ನು ಅಂಕಿಗಳಲ್ಲಿ ಹೇಳಬಲ್ಲರು. “ಚೆನ್ನಾಗಿದೆ” ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಐದನೆಯದು, ಪರಿಷ್ಕಾರದ ಸ್ಥಿತಿ. ಸಿಕ್ಕ ದೋಷದ ಮೂಲವನ್ನು ಹುಡುಕಿ, ಅದೇ ಜಾತಿಯ ದೋಷವು ಇನ್ನೊಮ್ಮೆ ಹುಟ್ಟದಂತೆ ಪದ್ಧತಿಯನ್ನೇ ತಿದ್ದುವರು.

ಶಾಲೆಯ ದೃಷ್ಟಾಂತದಿಂದ ಇದು ಸುಲಭವಾಗಿ ತಿಳಿಯುವುದು. ವರ್ಷದ ಕೊನೆಯಲ್ಲಿ ಒಂದೇ ಪರೀಕ್ಷೆಯನ್ನಿಟ್ಟು ಅರ್ಧ ತರಗತಿಯನ್ನು ಅನುತ್ತೀರ್ಣಗೊಳಿಸುವ ಶಾಲೆಯು ಮೊದಲನೆಯ ಮೆಟ್ಟಿಲಿನಲ್ಲಿದೆ. ವಾರವಾರವೂ ಕೇಳಿ, ಯಾವ ಲೆಕ್ಕದಲ್ಲಿ ಹೆಚ್ಚು ಮಕ್ಕಳು ತಪ್ಪುವರೆಂದು ಗುರುತುಹಾಕಿಕೊಂಡು, “ಮಕ್ಕಳು ತಪ್ಪಿದುದಕ್ಕೆ ನನ್ನ ಬೋಧನೆಯಲ್ಲಿ ಏನು ಕೊರತೆ?” ಎಂದು ಯೋಚಿಸಿ ಪಾಠವನ್ನೇ ಬದಲಾಯಿಸುವ ಉಪಾಧ್ಯಾಯಿನಿಯು ಐದನೆಯ ಮೆಟ್ಟಿಲಿನಲ್ಲಿರುವಳು.

5. ಮೇಲೇರುವ ಬಗೆ

ಪಿರಿಯಾಪಟ್ಟಣ, ಹುಣಸೂರು ಕಡೆಯ ರೈತರಿಗೆ ಹೊಗೆಸೊಪ್ಪಿನ ಬ್ಯಾರನ್ನಿನ ಕೆಲಸವು ಗೊತ್ತು. ಎಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ಏರಿಸಿದ ಮೇಲೆ ಕೆಲವು ದಿನಗಳು ಹಗಲು ರಾತ್ರಿ ಶಾಖವನ್ನು ನೋಡುತ್ತಿರಬೇಕು. ಮೊದಲು ಎಲೆಯು ಹದವಾಗಿ ಹಳದಿಗೆ ತಿರುಗಬೇಕು. ಬಳಿಕ ಅದರ ಹಾಳೆಯು ಒಣಗಬೇಕು. ಕೊನೆಗೆ ನಡುದಂಟು ಒಣಗಬೇಕು. ಹಳದಿಗೆ ತಿರುಗುವ ಮುನ್ನವೇ ಉರಿಯನ್ನು ಏರಿಸಿದರೆ ಎಲೆಯು ಹಸುರಾಗಿಯೇ ಒಣಗಿಹೋಗುವುದು. ತಂಬಾಕು ಮಂಡಳಿಯ ಹರಾಜಿನಲ್ಲಿ ದರ್ಜೆಯನ್ನು ಗೊತ್ತುಮಾಡುವವರು ಆ ಎಲೆಯನ್ನು ಕೀಳೆಂದು ಹೇಳಬಲ್ಲರು, ಮೇಲು ಮಾಡಲಾರರು.

ತಂತ್ರಾಂಶದ ಮಾತೂ ಹೀಗೆಯೇ. ಕೊನೆಯಲ್ಲಿ ಕುಳಿತ ಪರೀಕ್ಷಕಿಯು ದರ್ಜೆಯನ್ನು ಹೇಳಬಲ್ಲಳೇ ಹೊರತು ಗುಣವನ್ನು ಹುಟ್ಟಿಸಲಾರಳು. ಗುಣವು ಬ್ಯಾರನ್ನಿನೊಳಗೇ ಆಗಬೇಕು. ಮತ್ತು ಬ್ಯಾರನ್ನಿನಲ್ಲಿ ಹೇಗೋ ಹಾಗೆ ಇಲ್ಲಿಯೂ ಒಂದು ಹಂತವನ್ನು ಬಿಟ್ಟು ಮುಂದಿನದಕ್ಕೆ ಹಾರಕೂಡದು. ಪರೀಕ್ಷೆಯ ಯೋಜನೆಯನ್ನೇ ಬರೆದಿಡದ ಸಂಸ್ಥೆಯು ದುಬಾರಿಯ ಅಳತೆಯ ಸಾಧನಗಳನ್ನು ಕೊಂಡುತಂದರೆ, ಅದು ಗೊಂದಲವನ್ನು ಅಳೆಯುವುದಷ್ಟೇ.

ಹಾಗಾದರೆ ಚಿಕ್ಕದೊಂದು ಸಂಸ್ಥೆಯು ಎಲ್ಲಿಂದ ಆರಂಭಿಸಬೇಕು? ಮೊದಲು ತಾನು ಯಾವ ಮೆಟ್ಟಿಲಿನಲ್ಲಿರುವೆನೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕು. ಎರಡನೆಯದಾಗಿ, ಸಿಕ್ಕ ದೋಷಗಳೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯತೊಡಗಬೇಕು: ಏನು, ಎಂದು, ಎಲ್ಲಿ, ಯಾವುದರಿಂದ. ಮೂರನೆಯದಾಗಿ, ತಿಂಗಳಿಗೊಮ್ಮೆ ಆ ಪುಸ್ತಕವನ್ನು ಬಿಚ್ಚಿ, ಪದೇ ಪದೇ ಬರುವ ಒಂದೇ ಒಂದು ಜಾತಿಯ ದೋಷವನ್ನು ಆರಿಸಿ, ಅದರ ಬೇರನ್ನು ಕೀಳಬೇಕು. ನಾಲ್ಕನೆಯದಾಗಿ, ತಂತ್ರಾಂಶವನ್ನು ಬಳಸತಕ್ಕವರನ್ನು, ಎಂದರೆ ಗ್ರಾಮಲೆಕ್ಕಿಗರನ್ನೂ ರೈತರನ್ನೂ ದಾದಿಯರನ್ನೂ ಅಂಗಡಿಯವರನ್ನೂ ಮೊದಲ ದಿನವೇ ಕರೆದು ಕೇಳಬೇಕು. ಕಡೆಯದಾಗಿ, ದೋಷವನ್ನು ತಿಳಿಸಿದವರನ್ನು ಗದರಿಸಕೂಡದು.

ಈ ಕಡೆಯ ಮಾತೇ ಎಲ್ಲಕ್ಕಿಂತ ಕಷ್ಟವಾದುದು. ಕೆಲಸವನ್ನು ಒಪ್ಪಿಸುವ ಗಡುವು ಹತ್ತಿರವಾದಾಗ, “ಇನ್ನೂ ಒಂದು ತಪ್ಪಿದೆ” ಎಂದು ಎದ್ದು ಹೇಳುವವಳು ಯಾರಿಗೂ ಬೇಕಾಗುವುದಿಲ್ಲ. ಎಲ್ಲರ ಮುಖವೂ ಕಪ್ಪಿಡುವುದು. ಅಂಥ ಮಾತನ್ನು ಆಡಲು ಆಕೆಯು ಹೆದರುವ ಸಂಸ್ಥೆಯಲ್ಲಿ ಎಷ್ಟು ಪ್ರಮಾಣಪತ್ರಗಳನ್ನು ಗೋಡೆಗೆ ತೂಗುಹಾಕಿದರೂ ಪಕ್ವತೆಯು ಬಾರದು. ಹೆದರದೆ ಹೇಳಬಹುದಾದ ಸಂಸ್ಥೆಯು ಮೊದಲನೆಯ ಮೆಟ್ಟಿಲಿನಲ್ಲಿದ್ದರೂ ಇಂದಲ್ಲ ನಾಳೆ ಮೇಲೇರುವುದು.

6. ಮುಗಿವು

ವಾಚಕ ಸೋದರಿಯರೇ, ನಿಮ್ಮಲ್ಲಿ ಈ ಉದ್ಯೋಗವನ್ನು ಕೈಕೊಂಡಿರುವವರು ಅದನ್ನು ಕಿರಿದೆಂದು ಭಾವಿಸಬೇಡಿರಿ. ಬರೆಯುವವರಿಗೆ ಇರುವ ಹೆಸರು ಹುಡುಕುವವರಿಗೆ ಇಲ್ಲದಿರಬಹುದು. ನೀವು ಹಿಡಿದ ದೋಷವು ಯಾರ ಮನೆಯನ್ನು ಕಾಪಾಡಿತೆಂಬುದು ನಿಮಗೂ ತಿಳಿಯದು, ಆ ಮನೆಯವರಿಗೂ ತಿಳಿಯದು. ಪರೀಕ್ಷೆಯ ಪಟ್ಟಿಯನ್ನು ಬರೆಯಲು ಕುಳಿತಾಗ ನಿಮ್ಮ ಹಳ್ಳಿಯ ಹತ್ತು ಮನೆಗಳನ್ನು ಒಂದೊಂದಾಗಿ ನೆನೆಯಿರಿ: ಓದುಬರಹವಿಲ್ಲದವನನ್ನು, ವಿಧವೆಯನ್ನು, ಕೊಟ್ಟ ಮನೆಯಲ್ಲಿರುವ ಮಗಳನ್ನು, ಕೂಲಿಗಾಗಿ ಕೊಡಗಿನ ತೋಟಕ್ಕೆ ಹೋದವನನ್ನು. ಅವರೊಬ್ಬೊಬ್ಬರೂ ನಿಮಗೆ ಒಂದೊಂದು ಪರೀಕ್ಷೆಯನ್ನು ಕಲಿಸುವರು.

ತಾಯಿತಂದೆಗಳೇ, ಇನ್ನು ಮೇಲೆ ನಿಮ್ಮ ಮಗಳ ಕೆಲಸವೇನೆಂದು ಯಾರಾದರೂ ಕೇಳಿದರೆ, “ಲೆಕ್ಕದಲ್ಲಿ ಒಂದು ಗುಂಟೆಯೂ ಕಾಣೆಯಾಗದಂತೆ ನೋಡಿಕೊಳ್ಳುತ್ತಾಳೆ” ಎಂದು ಹೇಳಿರಿ. ಅದು ಸರಿಯಾದ ಉತ್ತರ.